ನೂರಿಪ್ಪತ್ತು ಹರ್ಟ್ಜಿನ ಮಂಡಿ ಕುಣಿತ

ಹೊಸನಗರದ ನಮ್ಮ ಚಿಕ್ಕಪ್ಪನ ಮನೆಯ ಟಿವಿಯ ಬಲಮೂಲೆಯಲ್ಲಿ ಒಂದು ಹಳದಿ ಸ್ಟಿಕ್ಕರು ಇವತ್ತಿಗೂ ಅಂಟಿಕೊಂಡಿದೆ. ಅದರ ಮೇಲೆ ನೂರಿಪ್ಪತ್ತು ಎಂಬ ಅಂಕಿ, ಪಕ್ಕದಲ್ಲಿ ಹರ್ಟ್ಜ್ ಎಂಬ ಪದ. ಟಿವಿ ಮನೆಗೆ ಬಂದ ದಿನವೇ ಅದನ್ನು ಕೀಳೋಣವೆಂದು ಉಗುರು ಹಾಕಿದ್ದೆ. ಚಿಕ್ಕಪ್ಪ ತಡೆದರು. "ಬ್ಯಾಡ ಮಾರಾಯ, ಇರ್ಲಿ. ಬಂದವರಿಗೆ ಗೊತ್ತಾಗ್ಬೇಕಲ್ಲ."

ಬಂದವರಿಗೆ ಏನು ಗೊತ್ತಾಗುತ್ತದೆ ಎಂಬುದನ್ನು ಅಲ್ಲಿಯೇ ಕೂತು ನೋಡಿದ್ದೇನೆ. ಒಬ್ಬರು ಅದನ್ನು ಟಿವಿಯ ತೂಕ ಎಂದುಕೊಂಡರು. ಇನ್ನೊಬ್ಬರು ಚಾನಲ್ಲುಗಳ ಸಂಖ್ಯೆ ಎಂದು ಭಾವಿಸಿ, ತಮ್ಮ ಮನೆಯಲ್ಲಿ ಇದಕ್ಕಿಂತ ಜಾಸ್ತಿ ಬರುತ್ತವೆ ಎಂದು ಹೇಳಿ ಕಾಫಿ ಕುಡಿದು ಹೋದರು. ಚಿಕ್ಕಪ್ಪ ಯಾರನ್ನೂ ತಿದ್ದುವುದಿಲ್ಲ. ಬಹಳ ಒತ್ತಾಯಿಸಿದರೆ, "ನಮ್ಮ ಗಿರಣಿ ಮೋಟಾರು ಹತ್ತು ಎಚ್ಪಿ ಇತ್ತು. ಇದು ನೂರಿಪ್ಪತ್ತು" ಎಂದಷ್ಟೇ ಹೇಳಿ ಗಂಭೀರವಾಗುತ್ತಾರೆ.

ಚಿಕ್ಕಪ್ಪ ಹೊಸನಗರದಲ್ಲಿ ಬಹುಕಾಲ ಹಿಟ್ಟಿನ ಗಿರಣಿ ನಡೆಸಿದವರು. ನನ್ನ ಬಾಲ್ಯದ ಬೇಸಿಗೆ ರಜೆಗಳೆಲ್ಲ ಆ ಗಿರಣಿಯ ಬೆಚ್ಚನೆಯ ಹಿಟ್ಟಿನ ವಾಸನೆಯಲ್ಲೇ ಕಳೆದವು. ಸಂಜೆಗೆ ತಲೆ, ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗಾಗಿ, ನಾನು ಎಪ್ಪತ್ತರ ಮುದುಕನ ಹಾಗೆ ಮನೆಗೆ ಬರುತ್ತಿದ್ದೆ. ಈಗ ಹಿಟ್ಟಿನ ಸಹಾಯವಿಲ್ಲದೆಯೇ ಹಾಗೆ ಕಾಣುತ್ತೇನೆ. ಆ ಗಿರಣಿಯಲ್ಲಿ ಒಂದು ದೊಡ್ಡ ಚಕ್ರವಿತ್ತು, ಅದರ ಮೇಲೆ ಪಟಪಟ ಬಡಿಯುವ ಬೆಲ್ಟು. ಹಗಲಿನ ಬೆಳಕಿನಲ್ಲಿ ಚಕ್ರ ಎಷ್ಟು ಜೋರು ತಿರುಗುತ್ತಿತ್ತೆಂದರೆ ಅದರ ಕಡ್ಡಿಗಳೇ ಕಾಣುತ್ತಿರಲಿಲ್ಲ. ಸಂಜೆ ಟ್ಯೂಬ್‌ಲೈಟು ಹಾಕಿದರೆ ಮಾತ್ರ ಅದೇ ಚಕ್ರ ನಿಧಾನವಾಗಿ, ಆನೆ ನಡೆದ ಹಾಗೆ, ಹಿಂದುಹಿಂದಕ್ಕೆ ತಿರುಗುವುದು ಕಾಣುತ್ತಿತ್ತು. ಚಕ್ರ ಹಿಂದಕ್ಕೆ ತಿರುಗಿದರೆ ಹಿಟ್ಟು ಮತ್ತೆ ಗೋಧಿಯಾಗಬೇಕಲ್ಲ ಎಂದು ಕೆಳಗೆ ಡಬ್ಬ ಹಿಡಿದು ಕಾದಿದ್ದೇನೆ. ಚಿಕ್ಕಪ್ಪ ನನ್ನ ತಲೆಗೆ ಮೊಟಕಿ ಹೇಳಿದ್ದರು: "ಅದು ತಿರುಗೋದು ಮುಂದಕ್ಕೇ. ಲೈಟು ಕಣ್ಣಿಗೆ ಮೋಸ ಮಾಡ್ತದೆ."

ಟ್ಯೂಬ್‌ಲೈಟು ಒಂದೇ ಸಮ ಉರಿಯುವುದಿಲ್ಲ, ನಮಗೆ ತಿಳಿಯದ ಹಾಗೆ ಮಿಣುಕುತ್ತಿರುತ್ತದೆ. ಮಿಣುಕಿದಾಗ ಕಂಡಷ್ಟನ್ನೇ ಜೋಡಿಸಿಕೊಂಡು ಕಣ್ಣು ಒಂದು ಚಕ್ರವನ್ನು ಕಲ್ಪಿಸಿಕೊಳ್ಳುತ್ತದೆ. ಇದು ನನಗೆ ಬಹಳ ವರ್ಷಗಳ ಮೇಲೆ ಅರ್ಥವಾಯಿತು. ಟಿವಿ ಕೊಳ್ಳುವವರು ತಿಳಿಯಬೇಕಾದ ಶಾಸ್ತ್ರದ ಮುಕ್ಕಾಲು ಪಾಲು ಆ ಗಿರಣಿಯಲ್ಲೇ ಮುಗಿದಿತ್ತು. ಉಳಿದ ಕಾಲು ಪಾಲಿಗಾಗಿ ಚಿಕ್ಕಪ್ಪನ ಮಂಡಿಯ ಕಥೆ ಹೇಳಬೇಕು.

ಚಿಕ್ಕಪ್ಪನಿಗೆ ಯಕ್ಷಗಾನದ ಹುಚ್ಚು. ಹಗಲು ಹಿಟ್ಟು ಬಳಿದುಕೊಂಡ ಮುಖಕ್ಕೆ ಸಂಜೆ ಬಣ್ಣ ಬಳಿದುಕೊಳ್ಳುತ್ತಿದ್ದರು. ಊರಿನ ಹವ್ಯಾಸಿ ಸಂಘದಲ್ಲಿ ಅವರದು ಪುಂಡುವೇಷ, ಅಂದರೆ ಚುರುಕು ಕಾಲಿನ ಎಳೆಯ ವೀರರ ಪಾತ್ರ. ಅದರಲ್ಲಿ ಮಂಡಿ ಕುಣಿತ ಎಂಬುದೊಂದಿದೆ. ಎರಡೂ ಮಂಡಿ ನೆಲಕ್ಕೆ ಊರಿ, ಬುಗುರಿಯ ಹಾಗೆ ಗಿರಗಿರ ತಿರುಗಿ, ಚಂಡೆಯ ಪೆಟ್ಟಿಗೆ ಸರಿಯಾಗಿ ಒಂದೇ ನೆಗೆತಕ್ಕೆ ಎದ್ದು ನಿಲ್ಲಬೇಕು. ಏಳುವಾಗ ಕೈ ನೆಲಕ್ಕೆ ತಾಗಬಾರದು. ತಾಗಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ, ಆದರೆ ಮರುದಿನ ಗಿರಣಿಗೆ ಬಂದವರೆಲ್ಲ ಅಕ್ಕಿಯ ಚೀಲ ಇಳಿಸುತ್ತ ಅದನ್ನೇ ಮಾತಾಡುತ್ತಾರೆ.

ಚಿಕ್ಕಪ್ಪನಿಗೆ ಮದುವೆಯಾದ ಹೊಸತು. ಗಣೇಶನ ಹಬ್ಬದ ಸಂಜೆ ಪೆಂಡಾಲಿನಲ್ಲಿ ಯಕ್ಷಗಾನದ ಆಟ. ತೀರ್ಥಹಳ್ಳಿಯಿಂದ ಬಂದ ಮದುವೆ ವಿಡಿಯೋದವರೊಬ್ಬರು ಅದನ್ನು ಕ್ಯಾಸೆಟ್ಟಿಗೆ ಹಿಡಿದರು. ಮುಂದಿನ ಸಾಲಿನಲ್ಲಿ ಸರೋಜ ಚಿಕ್ಕಮ್ಮ, ಹೊಸ ಮದುಮಗಳು, ಮಡಿಲಲ್ಲಿ ಮಲ್ಲಿಗೆ. ಆಟ ಮುಗಿದು ಮನೆಗೆ ಬರುವಾಗ ಗಂಡ ಕೇಳಿದರು, "ಹ್ಯಾಗಿತ್ತು?" ಹೆಂಡತಿ ಹೇಳಿದರು, "ಚೆನ್ನಾಗಿತ್ತು. ಕಡೆಗೆ ಏಳುವಾಗ ಕೈ ಊರಿದ್ರಿ."

ಆ ದಿನದಿಂದ ಆ ಮನೆಯಲ್ಲಿ ಇದು ನಡೆಯುತ್ತಾ ಬಂದಿದೆ. ಚಿಕ್ಕಪ್ಪ ಸಾರಿಗೆ ಉಪ್ಪು ಕಡಿಮೆಯೆಂದರೆ, "ಕೈ ಊರಿದವರು ಮಾತಾಡ್ಬಾರ್ದು." ಚಿಕ್ಕಮ್ಮ ಹಾಲು ಉಕ್ಕಿಸಿದರೆ, "ನಾ ಊರದ ಕೈಯನ್ನ ಕಂಡವಳಿಗೆ ಎದುರಿಗಿರೋ ಹಾಲು ಕಾಣ್ಲಿಲ್ವಾ?"

ನಾನೊಮ್ಮೆ ಕೇಳಿದ್ದೆ, "ಅಲ್ಲ ಚಿಕ್ಕಪ್ಪ, ಕೈ ನಿಮ್ಮದು. ತಾಗಿತ್ತೋ ಇಲ್ವೋ ನಿಮಗೇ ಗೊತ್ತಿರಬೇಕಲ್ಲ?"

"ತಿರುಗುವವನಿಗೆ ಎಂತ ಗೊತ್ತಿರ್ತದೆ ಮಾರಾಯ? ಭೂಮಿ ಯಾವುದು ಪೆಂಡಾಲು ಯಾವುದು ಅಂತಲೇ ತಿಳೀತಿರಲಿಲ್ಲ. ತಾಗಿಲ್ಲ ಅಂತ ನನಗೊಂದು ನಂಬಿಕೆ, ಅಷ್ಟೇ."

ಈ ನಂಬಿಕೆ ಇಷ್ಟು ಕಾಲ ಯಾರಿಗೂ ತೊಂದರೆ ಕೊಡದೆ ಬದುಕಿತ್ತು. ಹೋದ ವರ್ಷ ಸಂಘದವರು ಕೆಡಿಸಿದರು. ಗಣೇಶನ ಹಬ್ಬಕ್ಕೆ ಚಿಕ್ಕಪ್ಪನಿಗೆ ಸನ್ಮಾನ ಮಾಡುತ್ತೇವೆ, ಹಳೆಯ ಕ್ಯಾಸೆಟ್ಟಿನ ಕುಣಿತವನ್ನು ಪರದೆಯ ಮೇಲೆ ತೋರಿಸುತ್ತೇವೆ, ಆಮಂತ್ರಣದಲ್ಲಿ 'ನೆಲಕ್ಕೆ ಕೈ ಊರದೆ ಮಂಡಿ ಕುಣಿದ ಹಿರಿಯ ಕಲಾವಿದರು' ಎಂದು ಹಾಕುತ್ತೇವೆ ಎಂದು ಕಾರ್ಯದರ್ಶಿ ಫೋನು ಮಾಡಿದರು. ಚಿಕ್ಕಪ್ಪ ಸಂತೋಷದಿಂದ ಹೂಂ ಎನ್ನಬೇಕಾದಲ್ಲಿ ಚಿಂತೆಗೆ ಬಿದ್ದರು. ನನ್ನನ್ನು ಸಾಗರದಿಂದ ಕರೆಸಿದರು.

"ಊರಿದ್ದೇ ಹೌದಾದ್ರೆ ನಂಗೆ ಸನ್ಮಾನ ಬ್ಯಾಡ. ಊರಿನವರೆಲ್ಲ ಕೂತು ನೋಡುವಾಗ ಪರದೆ ಮೇಲೆ ಕೈ ಕಂಡ್ರೆ? ಮೊದಲು ನಾನು ನೋಡ್ಬೇಕು. ನೋಡಿಯೇ ಅವರಿಗೆ ಹೂಂ ಅನ್ಬೇಕು."

"ನೋಡಿದ್ರಾಯ್ತು. ಪೆನ್‌ಡ್ರೈವಿಗೆ ಹಾಕಿಸಿದ್ದೀರಲ್ಲ."

"ಯಾವುದ್ರಲ್ಲಿ ನೋಡೋದು? ಟಿವಿ ಸಿಡಿಲಿಗೆ ಹೋಯ್ತಲ್ಲ."

ನಮ್ಮ ಕಡೆ ಮೊದಲ ಗುಡುಗಿಗೆ ಟಿವಿಯ ಪ್ಲಗ್ಗು, ಡಿಶ್ಶಿನ ತಂತಿ ಎರಡನ್ನೂ ಕೀಳುವುದು ಒಂದು ನಿತ್ಯಕರ್ಮ. ಆ ಮನೆಯಲ್ಲಿ ಅದು ಚಿಕ್ಕಮ್ಮನ ಖಾತೆ. ಆವತ್ತು ಅವರು ಪಕ್ಕದ ಮನೆಯ ಅರಿಶಿನ ಕುಂಕುಮಕ್ಕೆ ಹೋಗಿದ್ದರು. ಟಿವಿಯಲ್ಲಿ ಯಾವುದೋ ಮೇಳದ ಆಟ ಬರುತ್ತಿತ್ತು. ಗುಡುಗು ಕೇಳಿಸಿತು. ಭಾಗವತರ ಹಾಡಿನ ಈ ಒಂದು ಪದ ಮುಗಿಯಲಿ, ಆಮೇಲೆ ಕೀಳೋಣ ಎಂದು ಚಿಕ್ಕಪ್ಪ ಕುಳಿತರು. ಪದ ಮುಗಿಯಲಿಲ್ಲ, ಟಿವಿ ಮುಗಿಯಿತು.

ಅಂತೂ ಹೊಸ ಟಿವಿ ಕೊಳ್ಳುವ ಯಾತ್ರೆಗೆ ಹೊರಟೆವು. ನಾನು ಕಾಲೇಜಿನಲ್ಲಿ ಇತಿಹಾಸ ಹೇಳಿ ನಿವೃತ್ತನಾದವನು; ಯಾವ ವಿಷಯವನ್ನಾದರೂ ಓದಿ ಗೊಂದಲ ಮಾಡಿಕೊಳ್ಳುವ ತರಬೇತಿ ನನಗಿದೆ. ಹೊರಡುವ ಮುಂಚೆ ಟಿವಿಗಳ ಬಗ್ಗೆ ಓದಿಯೇ ಓದಿದೆ. ಟಿವಿಯಲ್ಲಿ ಚಲನೆ ಎಂಬುದೇ ಇಲ್ಲವಂತೆ. ಇರುವುದು ಬರೀ ನಿಂತ ಚಿತ್ರಗಳು, ಒಂದರ ಹಿಂದೆ ಒಂದು. ಟಿವಿ ತನ್ನ ಪರದೆಯ ಚಿತ್ರವನ್ನು ಸೆಕೆಂಡಿಗೆ ಎಷ್ಟು ಸಲ ಹೊಸದಾಗಿ ಬರೆಯುತ್ತದೋ ಅದು ಅದರ ಹರ್ಟ್ಜು. ಸಾಮಾನ್ಯ ಟಿವಿಗೆ ಅರವತ್ತು, ದುಬಾರಿಯದಕ್ಕೆ ನೂರಿಪ್ಪತ್ತು. ಹೆಚ್ಚು ಸಲ ಬರೆದರೆ ಓಡುವ ಚೆಂಡಿಗೆ ಬಾಲ ಬೆಳೆಯುವುದು, ಕುಣಿಯುವ ಕಾಲು ಕಲಸಿಹೋಗುವುದು ಕಡಿಮೆಯಾಗುತ್ತದೆ. ಇಷ್ಟು ತಿಳಿದ ಮೇಲೆ ನನಗೆ ಒಂದು ರೀತಿಯ ಅಧಿಕಾರ ಬಂದಹಾಗಾಯಿತು.

ಮೊದಲು ತೀರ್ಥಹಳ್ಳಿ. ಅಲ್ಲಿನ ಅಂಗಡಿಯೊಂದರ ಗೋಡೆಯ ತುಂಬ ಟಿವಿಗಳು, ಎಲ್ಲದರಲ್ಲೂ ಬಣ್ಣಬಣ್ಣದ ಮೀನು. ಮೀನು ಬಾಲ ಅಲ್ಲಾಡಿಸಲೋ ಬೇಡವೋ ಎಂದು ಯೋಚಿಸುತ್ತ ಈಜುತ್ತಿತ್ತು. ಆಮೇಲೆ ಒಂದು ಚಮಚದಿಂದ ಜೇನುತುಪ್ಪ ಇಳಿಯಿತು. ಇಳಿಯಲು ಎಷ್ಟು ಹೊತ್ತು ತೆಗೆದುಕೊಂಡಿತೆಂದರೆ ಚಿಕ್ಕಪ್ಪ ಒಂದು ಕುರ್ಚಿ ಕೇಳಿ ತರಿಸಿಕೊಂಡರು.

"ಎಷ್ಟು ಕ್ಲಿಯರ್ ನೋಡಿ ಸಾರ್" ಎಂದ ಅಂಗಡಿಯ ಹುಡುಗ.

"ಅಲ್ಲ ತಮ್ಮಾ, ನಿಂತ ಮೀನು ಕ್ಲಿಯರ್ ಕಾಣದೆ ಇನ್ನೆಂತ ಕಾಣ್ತದೆ? ಕುಣಿಯೋದು ಯಾವುದಾದ್ರೂ ಇದ್ರೆ ಹಾಕು." ಚಿಕ್ಕಪ್ಪ ಜೇಬಿನಿಂದ ಪೆನ್‌ಡ್ರೈವು ತೆಗೆದರು. ಹೊರಗಿನ ಪೆನ್‌ಡ್ರೈವು ಹಾಕುವ ಹಾಗಿಲ್ಲ ಎಂಬುದು ಆ ಅಂಗಡಿಯ ನಿಯಮ. ನಾವು ಮೀನಿಗೆ ವಿದಾಯ ಹೇಳಿ ಬಂದೆವು. ಆದರೆ ಚಿಕ್ಕಪ್ಪನ ಪ್ರಶ್ನೆಗೆ ತೂಕವಿತ್ತು. ಅಂಗಡಿಗಳಲ್ಲಿ ಮೀನೂ ಜೇನೂ ಓಡುವುದಿಲ್ಲ; ಓಡಿದರೆ ಟಿವಿಯ ಬಣ್ಣ ಬಯಲಾಗುತ್ತದೆ. ನೀವು ಹೋದಾಗ ಸುದ್ದಿ ಚಾನಲ್ ಹಾಕಿಸಿ; ಕೆಳಗೆ ಓಡುವ ಅಕ್ಷರವನ್ನು ಓದಲು ಬರುತ್ತದೆಯೇ ನೋಡಿ. ಸುದ್ದಿಯನ್ನು ನಂಬಬೇಕಾಗಿಲ್ಲ.

ಸಾಗರದ ಅಂಗಡಿಯ ಯಜಮಾನರು ಉದಾರಿಗಳು. ಪೆನ್‌ಡ್ರೈವು ತೆಗೆದುಕೊಂಡು, ಒಂದೇ ತಂತಿಯಿಂದ ಗೋಡೆಯ ಅಷ್ಟೂ ಟಿವಿಗಳಿಗೆ ಕೊಟ್ಟುಬಿಟ್ಟರು. ಚಂಡೆ ಬಡಿಯಿತು. ಗೋಡೆಯ ತುಂಬ ಚಿಕ್ಕಪ್ಪಂದಿರು, ಎಲ್ಲರೂ ಎಳೆಯರು, ಎಲ್ಲರೂ ಮೀಸೆಯವರು, ಒಟ್ಟಿಗೆ ಮಂಡಿಗೆ ಇಳಿದರು. ಮಿಕ್ಸಿ ಕೊಳ್ಳಲು ಬಂದಿದ್ದ ಹೆಂಗಸೊಬ್ಬರು ಮಿಕ್ಸಿ ಬಿಟ್ಟು ಬಂದರು. ಫ್ರಿಜ್ಜಿನ ಬಾಗಿಲು ತೆಗೆದು ಹಾಕಿ ಮಾಡುತ್ತಿದ್ದವರು ಅದನ್ನು ತೆರೆದೇ ಬಿಟ್ಟು ಬಂದರು. ಚಿಕ್ಕಪ್ಪ ಕುರ್ಚಿಯ ತುದಿಗೆ ಸರಿದರು. ವೇಷಗಳು ಗಿರಗಿರ ತಿರುಗಿದವು. ಎದ್ದವು.

"ಕೈ ಊರಿದ್ರು" ಎಂದರು ಮಿಕ್ಸಿಯವರು.

"ಎಲ್ಲಿ ಊರಿದ್ರು? ಗಾಳಿಯಲ್ಲೇ ಇತ್ತಲ್ಲ ಕೈ" ಎಂದರು ಫ್ರಿಜ್ಜಿನವರು.

"ನೀವು ಯಾವ ಟಿವಿ ನೋಡಿದ್ರಿ?"

"ನಾನು ಈ ದೊಡ್ಡದು."

"ನಾನು ಆಚೆ ಬದಿಯ ಅಗ್ಗದ್ದು."

ಮತ್ತೊಮ್ಮೆ ಹಾಕಿದರು. ನಿಜವಾಗಿಯೂ ಹಾಗೆಯೇ ಇತ್ತು. ದೊಡ್ಡ ಟಿವಿಯಲ್ಲಿ ಚಿಕ್ಕಪ್ಪ ಹಂಸದ ಹಾಗೆ ಎದ್ದರು, ಕೈ ನೆಲದಿಂದ ಗೇಣು ಮೇಲೆ ತೇಲಿಹೋಯಿತು. ಅಗ್ಗದ ಟಿವಿಯಲ್ಲಿ ಕೈ, ಕಾಲು, ಪಂಚೆಯ ನೆರಿಗೆ ಎಲ್ಲ ಒಂದು ಮುದ್ದೆಯಾಗಿ, ಮುದ್ದೆ ನೆಲಕ್ಕೆ ತಾಗಿತು. ನಡುವಿನ ಟಿವಿಯಲ್ಲಿ ಚಿಕ್ಕಪ್ಪನಿಗೆ ಕ್ಷಣಮಾತ್ರ ಮೂರನೆಯ ಕೈಯೊಂದು ಮೂಡಿ ಮಾಯವಾಯಿತು. ಅದು ತಾಗಿತೋ ಇಲ್ಲವೋ ಎಂಬುದು ಬೇರೆ ಚರ್ಚೆ. ಕೈ ಒಂದೇ, ಟಿವಿಗೊಂದು ತೀರ್ಪು. ಅಂಗಡಿಯಲ್ಲಿ ಎರಡು ಪಕ್ಷಗಳಾದವು. ಯಜಮಾನರು ಎಲ್ಲರಿಗೂ ಚಹಾ ತರಿಸಿದರು. ಚಿಕ್ಕಪ್ಪ ಮಾತ್ರ ದೊಡ್ಡ ಟಿವಿಯಿಂದ ಕಣ್ಣು ಕೀಳಲಿಲ್ಲ.

"ಇದೇ ಇರ್ಲಿ" ಎಂದರು. "ಇದು ನಿಜ ಹೇಳ್ತದೆ."

ನಾನು ಡಬ್ಬಿಯ ಮೇಲಿನ ಬರಹವನ್ನೆಲ್ಲ ಓದಿ, ನೂರಿಪ್ಪತ್ತು ಎಂಬುದು ಪರದೆಯದೇ ಹೌದೇ, ಅಥವಾ ಒಳಗೆ ಅರವತ್ತು ಇಟ್ಟು ಹೊರಗೆ ಬೇರೆ ಯಾವುದೋ ಹೆಸರಿನಲ್ಲಿ ಬರೆದ ದೊಡ್ಡ ಅಂಕಿಯೇ ಎಂದು ವಿಚಾರಿಸಿದೆ. ಅಂಥ ಹೆಸರುಗಳು ಬಹಳ ಇವೆ, ಕೇಳಿ ನೋಡಿ. ಪರದೆಯದೇ ಎಂದು ಖಾತ್ರಿಯಾಯಿತು. ಟಿವಿ ಹೊಸನಗರಕ್ಕೆ ಬಂತು, ಸ್ಟಿಕ್ಕರಿನ ಸಮೇತ.

ಆದರೆ ನನಗೆ ಒಂದು ಅನುಮಾನ ಹತ್ತಿಕೊಂಡಿತ್ತು. ಹಳೆಯ ಕ್ಯಾಸೆಟ್ಟಿನಲ್ಲಿ ಇದ್ದದ್ದು ಸೆಕೆಂಡಿಗೆ ಇಪ್ಪತ್ತೈದು ಚಿತ್ರ. ಟಿವಿ ಬರೆಯುವುದು ನೂರಿಪ್ಪತ್ತು. ಉಳಿದವು ಎಲ್ಲಿಂದ ಬಂದವು? ಒಬ್ಬ ಅಂಚೆಯಣ್ಣನನ್ನು ಕಲ್ಪಿಸಿಕೊಳ್ಳಿ. ಅವನ ಚೀಲದಲ್ಲಿ ನಿಮ್ಮ ಮಗಳಿಂದ ಬಂದಿರುವುದು ಇಪ್ಪತ್ತೈದೇ ಕಾಗದ. ಆದರೆ ಅವನು ನೂರಿಪ್ಪತ್ತು ಸಲ ಬಾಗಿಲು ಬಡಿಯಬೇಕು. ಏನು ಮಾಡುತ್ತಾನೆ? ಪ್ರಾಮಾಣಿಕನಾದರೆ ಓದಿದ ಕಾಗದವನ್ನೇ ಮತ್ತೆ ಮತ್ತೆ ಕೈಗಿಡುತ್ತಾನೆ. ಉತ್ಸಾಹಿಯಾದರೆ ನೆನ್ನೆಯ ಕಾಗದ ಓದಿ, ನಾಳೆಯದನ್ನೂ ಇಣುಕಿ ನೋಡಿ, ನಡುವೆ ಮಗಳು ಹೀಗೆ ಬರೆದಿರಬಹುದು ಎಂದು ತಾನೇ ಒಂದು ಬರೆದು ಕೊಡುತ್ತಾನೆ. ಅಕ್ಷರ ಮುದ್ದಾಗಿರುತ್ತದೆ. ಆದರೆ ಮಗಳು ಬರೆದದ್ದಲ್ಲ.

ನಮ್ಮ ಟಿವಿ ಉತ್ಸಾಹಿ. ಕೈ ಮೇಲಿದ್ದ ಒಂದು ಚಿತ್ರ, ಚಿಕ್ಕಪ್ಪ ಅರ್ಧ ಎದ್ದ ಇನ್ನೊಂದು ಚಿತ್ರ, ಇವೆರಡರ ನಡುವೆ ತಾನೇ ಊಹಿಸಿ ಒಂದಿಷ್ಟು ಚಿತ್ರ ಬರೆದು ತುಂಬಿತ್ತು. ಇಲ್ಲದ ಆಧಾರವನ್ನು ಸೃಷ್ಟಿಸುವುದು ನನ್ನ ವೃತ್ತಿಯಲ್ಲಿ ಮಹಾಪರಾಧ. ಅದಕ್ಕಾಗಿ ವಿದ್ಯಾರ್ಥಿಗಳ ಅಂಕ ಕತ್ತರಿಸಿದವನು ನಾನು. ಟಿವಿಯ ಅಂಕ ಕತ್ತರಿಸಲು ಬರುವುದಿಲ್ಲ.

ಭಾನುವಾರ ಕಾರ್ಯದರ್ಶಿಗೆ ಉತ್ತರ ಹೇಳಬೇಕಿತ್ತು. ಬೆಳಿಗ್ಗೆ ತಿಂಡಿ ಮುಗಿಸಿ ಮೂವರೂ ಟಿವಿಯ ಮುಂದೆ ಕುಳಿತೆವು. ಚಿಕ್ಕಪ್ಪ ಎತ್ತರದ ಕುರ್ಚಿಯಲ್ಲಿ. ಕುಣಿದ ಆ ಮಂಡಿಗಳು ಈಗ ಮೆಟ್ಟಿಲು ಹತ್ತುವಾಗ ಬೇರೆಯೇ ತಾಳ ಹಾಕುತ್ತವೆ. ಚಿಕ್ಕಮ್ಮ ಬೀನ್ಸಿನ ನಾರು ತೆಗೆಯುತ್ತ ಬಾಗಿಲ ಬಳಿ. ಕುಣಿತ ಬಂತು. ಕೈ ತೇಲಿತು.

"ನೋಡಿದ್ಯಾ?" ಎಂದರು ಚಿಕ್ಕಪ್ಪ, ಹೆಂಡತಿಯ ಕಡೆ ತಿರುಗದೆ. ಗೆದ್ದವರು ಹಾಗೆ ತಿರುಗುವುದಿಲ್ಲ.

ಚಿಕ್ಕಮ್ಮ ಬೀನ್ಸು ಮುರಿದರು.

ನಾನು ಸುಮ್ಮನಿರಬಹುದಿತ್ತು. ಕಾರ್ಯದರ್ಶಿಗೆ ಫೋನು ಹೋಗುತ್ತಿತ್ತು, ಶಾಲು ಬರುತ್ತಿತ್ತು. ಆದರೆ ಕ್ಲಾಸು ತೆಗೆದುಕೊಂಡ ನಾಲಿಗೆ. ಅಂಚೆಯಣ್ಣನ ಕಥೆಯನ್ನು ಅಲ್ಲಿಯೇ ಹೇಳಿದೆ. ಚಿಕ್ಕಪ್ಪ ಪೂರ್ತಿ ಕೇಳಿದರು.

"ಅಂದ್ರೆ ಆ ಕೈ ನಂದಲ್ವಾ?"

"ಕೈ ನಿಮ್ಮದೇ. ಅದು ಹೋದ ದಾರಿ ಟಿವಿಯದ್ದು."

"ಗಿರಣಿ ಲೈಟಿನ ಹಾಗೆ."

"ಅದೇ."

ಅವರು ರಿಮೋಟನ್ನು ನನ್ನ ಕೈಗಿಟ್ಟರು. "ಆ ಊಹೆಯನ್ನ ಆರಿಸೋಕೆ ಬರ್ತದಾ?"

ಬರುತ್ತದೆ. ಸೆಟ್ಟಿಂಗಿನಲ್ಲಿ ಒಳಗೊಳಗೆ ಹೊಕ್ಕು, ಚಲನೆಯನ್ನು ನಯ ಮಾಡುವ ಗುಂಡಿಯನ್ನು ಹುಡುಕಿ ಆರಿಸಿದೆ. ಕುಣಿತ ಮತ್ತೆ ಹಾಕಿ, ಆ ಜಾಗದಲ್ಲಿ ನಿಲ್ಲಿಸಿ, ಒಂದೊಂದೇ ಚಿತ್ರವಾಗಿ ಮುಂದೆ ಸರಿಸಿದೆ. ಒಂದು ಚಿತ್ರದಲ್ಲಿ ಮಂಡಿ ನೆಲದಲ್ಲಿ, ಕೈ ಸೊಂಟದ ಹತ್ತಿರ, ಮಸುಕು. ಮುಂದಿನದರಲ್ಲಿ ಚಿಕ್ಕಪ್ಪ ಆಗಲೇ ಅರ್ಧ ಎದ್ದಿದ್ದಾರೆ, ಕೈ ಪಕ್ಕದಲ್ಲಿ, ಇನ್ನಷ್ಟು ಮಸುಕು. ನಡುವೆ ಏನೂ ಇಲ್ಲ. ಕೈ ಕೆಳಗೆ ಹೋಗಿ ಬಂದಿದ್ದರೂ ಬಂದಿರಬಹುದು, ಹೋಗದೆಯೂ ಇದ್ದಿರಬಹುದು. ಕ್ಯಾಮೆರಾ ಆ ಕ್ಷಣವನ್ನು ನೋಡಿಯೇ ಇರಲಿಲ್ಲ. ಎಷ್ಟು ಹರ್ಟ್ಜಿನ ಟಿವಿ ತಂದರೂ ನೋಡದೆ ಇದ್ದದ್ದನ್ನು ತೋರಿಸಲಾರದು.

"ಹಾಗಾದ್ರೆ ಈಗ ಉಳಿದ ಸಾಕ್ಷಿ ಒಬ್ಬಳೇ" ಎಂದರು ಚಿಕ್ಕಪ್ಪ. ಮೊದಲ ಸಲ ಬಾಗಿಲ ಕಡೆ ತಿರುಗಿದರು. "ಸರೋಜಾ, ತಮಾಷೆ ಸಾಕು. ಆವತ್ತು ನೀನು ಮುಂದಿನ ಸಾಲಲ್ಲಿದ್ದೆ. ನೋಡಿದ್ದು ನೋಡಿದ ಹಾಗೆ ಹೇಳು. ಊರಿದ್ದು ಹೌದು ಅಂದ್ರೆ ಈಗಲೇ ಫೋನು ಮಾಡಿ ಬ್ಯಾಡ ಅಂತೀನಿ."

ಚಿಕ್ಕಮ್ಮ ಬೀನ್ಸಿನ ಬುಟ್ಟಿ ಕೆಳಗಿಟ್ಟರು. ಸೆರಗಿಗೆ ಕೈ ಒರೆಸಿಕೊಂಡರು.

"ನಾನು ನೋಡ್ಲಿಲ್ಲ."

"ಎಂತ?"

"ನೀವು ಹಾಗೆ ತಿರುಗ್ತಾ ಇದ್ರಿ. ತಲೆ ಕಿರೀಟ ಸಮೇತ ಎಲ್ಲಿ ಬಿದ್ದು ಹೋಗ್ತೀರೋ ಅಂತ ಹೆದರಿಕೆ ಆಯ್ತು. ಕಣ್ಣು ಮುಚ್ಕೊಂಡೆ. ತೆಗೆಯುವಾಗ ನೀವು ನಿಂತಿದ್ರಿ."

"ಮತ್ತೆ ಇಷ್ಟು ವರ್ಷ ಊರಿದ್ದು ಅಂತ ಹೇಳಿದ್ದು?"

"ಊರದೆ ಅದು ಹ್ಯಾಗೆ ಏಳೋಕೆ ಬರ್ತದೆ? ಊರಿರ್ಬಹುದು ಅಂದ್ಕೊಂಡೆ." ಆಮೇಲೆ ನನ್ನ ಕಡೆ ನೋಡಿ, "ನಿನ್ನ ಅಂಚೆಯವನ ಹಾಗೆ" ಎಂದು ಸೇರಿಸಿದರು.

ಮನೆ ಮುರಿಯಬಲ್ಲ ಹೇಳಿಕೆ ಇದು. ನಾನು ತಿಂಡಿಯ ತಟ್ಟೆ ಎತ್ತಿಕೊಂಡು ಒಳಗೆ ಹೋಗುವುದೇ ಲೇಸೆಂದು ಅರ್ಧ ಎದ್ದಿದ್ದೆ. ಚಿಕ್ಕಪ್ಪ ಏನೂ ಕೂಗಾಡಲಿಲ್ಲ. ಕುರ್ಚಿಯಲ್ಲೇ ಹೆಂಡತಿಯ ಕಡೆ ಪೂರ್ತಿ ತಿರುಗಿ ಕುಳಿತರು.

"ಹೆದರಿಕೆ ಆಯ್ತಾ?"

"ಆಗ್ದೆ ಏನು. ಮದುವೆ ಆಗಿ ಆರು ತಿಂಗಳೂ ಆಗಿರಲಿಲ್ಲ."

"ಅಷ್ಟು ಜೋರಾಗಿ ತಿರುಗಿದ್ನಾ ನಾನು?"

"ಕಣ್ಣು ಮುಚ್ಚೋ ಅಷ್ಟು."

ಚಿಕ್ಕಪ್ಪನ ಮುಖದಲ್ಲಿ ಆಗ ಮೂಡಿದ್ದನ್ನು ಯಾವ ಟಿವಿಯೂ ಊಹಿಸಿ ಬರೆಯಲಾರದು. ಕೈ ಊರಿಲ್ಲ ಎಂಬ ತೀರ್ಪು ಸಿಕ್ಕಿದ್ದರೂ ಅವರು ಅಷ್ಟು ಹಿಗ್ಗುತ್ತಿರಲಿಲ್ಲ. ಫೋನು ತರಿಸಿಕೊಂಡು ಕಾರ್ಯದರ್ಶಿಗೆ ಹೇಳಿದರು: "ಬರ್ತೀನಿ. ಆದ್ರೆ ಆ ಕೈ ಊರದೆ ಅನ್ನೋದನ್ನ ತೆಗೀರಿ. ಮಂಡಿ ಕುಣಿದವರು ಅಂತ ಹಾಕಿ, ಸಾಕು." ಆಚೆಯವರು ಏಕೆಂದು ಕೇಳಿರಬೇಕು. "ಆಧಾರ ಇಲ್ಲ" ಎಂದರು, ನನ್ನ ಕಡೆ ಕಣ್ಣು ಹೊಡೆದು. ಆಮೇಲೆ ಹೆಂಡತಿಗೆ, "ಈ ಸಲನಾದ್ರೂ ಕಣ್ಣು ಬಿಟ್ಕೊಂಡು ನೋಡು ಮಾರಾಯ್ತಿ" ಎಂದರು.

"ಬಿಟ್ಕೊಂಡೇ ಇರ್ತೀನಿ. ಈಗ ಬಿದ್ರೆ ಪರದೆ ಬೀಳ್ಬೇಕು, ನೀವಲ್ಲ."

ಹಬ್ಬದ ಸಂಜೆ ಪೆಂಡಾಲು ತುಂಬಿತ್ತು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಕಾರ್ಯದರ್ಶಿಯ ಭಾಷಣ ಜೇನುತುಪ್ಪದ ವೇಗದಲ್ಲಿ ಇಳಿಯಿತು. ಕೊನೆಗೆ ದೀಪ ಆರಿಸಿ ಪರದೆಯ ಮೇಲೆ ಕುಣಿತ ಹಾಕಿದರು. ಅದು ಸಂಘದ ಹಳೆಯ ಪ್ರೊಜೆಕ್ಟರು. ನಯ ಮಾಡುವ ಜಾಣತನ ಅದಕ್ಕಿರಲಿಲ್ಲ. ಮಸುಕಿದ್ದದ್ದು ಮಸುಕಾಗಿಯೇ ಕಂಡಿತು. ಚಂಡೆ ಏರಿತು, ಎಳೆಯ ಚಿಕ್ಕಪ್ಪ ಮಂಡಿಗೆ ಇಳಿದು ಬುಗುರಿಯಾದರು, ಜನ ಸಿಳ್ಳೆ ಹಾಕಿದರು.

ನಾನು ಪರದೆ ನೋಡಲಿಲ್ಲ. ಮುಂದಿನ ಸಾಲಿನಲ್ಲಿ, ಪಕ್ಕದ ಕುರ್ಚಿಯಲ್ಲಿ ಚಿಕ್ಕಮ್ಮ ಕುಳಿತಿದ್ದರು, ಮಡಿಲಲ್ಲಿ ಹಣ್ಣಿನ ಬುಟ್ಟಿ. ಕುಣಿತದ ಕೊನೆಯ ಸುತ್ತು ಬರುತ್ತಿದ್ದ ಹಾಗೆ ಅವರ ಕೈ ಬುಟ್ಟಿಯನ್ನು ಬಿಗಿಯಾಗಿ ಹಿಡಿಯಿತು. ಚಂಡೆಯ ಪೆಟ್ಟು ಬಿದ್ದಾಗ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿದ್ದವು. ಚಪ್ಪಾಳೆ ಕೇಳಿದ ಮೇಲೆ ತೆಗೆದರು.

ಆಮೇಲೆ ವೇದಿಕೆಯಿಂದ ಇಳಿದುಬಂದ ಚಿಕ್ಕಪ್ಪ ಶಾಲು ಸರಿಮಾಡಿಕೊಳ್ಳುತ್ತ ಅವರ ಮುಂದೆ ನಿಂತರು. "ನೋಡಿದ್ಯಾ?"

"ನೋಡಿದೆ" ಎಂದರು ಚಿಕ್ಕಮ್ಮ. "ಊರಿದ್ರಿ."